ಬೂತಾಯಿ ಎಲ್ಲಿಗೆ ಹೋಯ್ತು? ಕಲಬುರಗಿಯಲ್ಲಿ ಕೂತು ಕೇಳ್ತಿದ್ದೀನಿ

ಖಾನಾವಳಿ ಅಕ್ಕ, ಕಲಬುರಗಿ | ಭಾನುವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಇದು ಬೂತಾಯಿ ಮೀನಿನ ವಿಷಯ, ಇಂಗ್ಲಿಷಿನಲ್ಲಿ ಸಾರ್ಡೀನ್ ಅನ್ನುತ್ತಾರಲ್ಲ, ಅದು. ತಿನ್ನದವರು ಮುಂದಿನ ಚರ್ಚೆಗೆ ಹೋಗಬಹುದು, ಬೇಜಾರಿಲ್ಲ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು 19 ವರ್ಷ ಆಯಿತು. ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣದೊಂದು ಮೀನೂಟದ ಖಾನಾವಳಿ ನಡೆಸುತ್ತೇನೆ. ಬ್ಯಾಂಕಿನಲ್ಲಿರುವ ಕರಾವಳಿ ಹುಡುಗರು, ಮೆಡಿಕಲ್ ಓದುವ ಮಕ್ಕಳು ಬರುತ್ತಾರೆ. ಈಗೀಗ ಇಲ್ಲಿಯವರಿಗೂ ಬಂಗುಡೆ ರುಚಿ ಹತ್ತಿದೆ. ಜೋಳದ ರೊಟ್ಟಿಗೆ ನಮ್ಮ ಹುಳಿ-ಖಾರದ ಪುಳಿಮುಂಚಿ ಹಚ್ಚಿಕೊಂಡು ತಿನ್ನುತ್ತಾರೆ. ನಮ್ಮಮ್ಮ ನೋಡಿದ್ದರೆ ಏನು ಅನ್ನುತ್ತಿದ್ದಳೋ!

ವಾರಕ್ಕೆ ಎರಡು ಸಲ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೀನು ಬರುತ್ತದೆ. ಬೆಳಿಗ್ಗೆ ಐದೂವರೆಗೆ ಟೇಪ್ ಕತ್ತರಿಸಿ, ಐಸ್ ಪುಡಿ ಬದಿಗೆ ತಳ್ಳಿ, ಮೊದಲು ಕಣ್ಣು ನೋಡುತ್ತೇನೆ. ಆಮೇಲೆ ಕಿವಿರು ಎತ್ತಿ ಬಣ್ಣ ನೋಡುತ್ತೇನೆ. ಕೊನೆಗೆ ಹೊಟ್ಟೆ ಒತ್ತುತ್ತೇನೆ. ಇಷ್ಟರಲ್ಲೇ ಅವತ್ತಿನ ವ್ಯಾಪಾರ ಹೇಗಿರುತ್ತದೆ ಅಂತ ಗೊತ್ತಾಗಿಬಿಡುತ್ತದೆ.

ಖಾನಾವಳಿ ಶುರು ಮಾಡಿದ ಹೊಸದರಲ್ಲಿ ಬೂತಾಯಿ ಅಂದರೆ ಲೆಕ್ಕಕ್ಕೇ ಇಲ್ಲದ ಮೀನು. ಬಂಗುಡೆ ತರಿಸಿದರೆ ಅದರ ಬೆನ್ನಿಗೆ ಅಗ್ಗದಲ್ಲಿ ಒಂದೆರಡು ಪೆಟ್ಟಿಗೆ ಬಂದೇ ಬರುತ್ತಿತ್ತು. ಕಾವಲಿ ಮೇಲೆ ಇಟ್ಟರೆ ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತಿತ್ತು. ಆಮೇಲೆ ಕೆಲವು ವರ್ಷ ಬಂದೇ ಇಲ್ಲ ಅನ್ನಬಹುದು. ಒಬ್ಬ ಏಜೆಂಟ್ ಮಲ್ಪೆಯದು ಅಂತ ಹೇಳಿ ಕೊಟ್ಟ. ತೊಳೆಯುವಾಗ ಚರ್ಮ ಕೈಗೇ ಬಂತು. ಕೇಳಿದರೆ ಒಮಾನ್‌ನಿಂದ ಬಂದ ಫ್ರೋಜನ್ ಬೂತಾಯಿ! ಅವನ ಲೆಕ್ಕ ಅವತ್ತೇ ಚುಕ್ತಾ ಮಾಡಿದೆ.

ಈಗ ಮತ್ತೆ ಬರುತ್ತಿದೆ. ಆದರೆ ಉದ್ದ ನೋಡಿದರೆ ನನ್ನ ನಡುಬೆರಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬಾಣಲೆಗೆ ನಾನೇ ಎಣ್ಣೆ ಹಾಕಬೇಕು. ಇನ್ನೊಂದು ವಿಚಿತ್ರ ಅಂದರೆ ಕೆಲವು ಸಲ ಪೆಟ್ಟಿಗೆ ಮೇಲೆ ತೆಲುಗು ಅಕ್ಷರ ಇರುತ್ತದೆ. ಕಾಕಿನಾಡದ ಮೀನಂತೆ. ನನ್ನಪ್ಪ ದಡದಲ್ಲಿ ನಿಂತು ರಂಪಣಿ ಬಲೆ ಎಳೆದವರು. ಬೂತಾಯಿ ನಮ್ಮ ಕಡಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅನ್ನುತ್ತಿದ್ದರು.

ಸಮುದ್ರ ಬಿಸಿಯಾಗಿ ಮೀನು ಊರು ಬಿಟ್ಟಿದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ? ಬೋರ್ಡಿನಿಂದ ಬೂತಾಯಿ ಫ್ರೈ ಅಳಿಸಿಬಿಡಲಾ?

ಬಿಸಿಲೂರ ಹುಡುಗ, ಕಲಬುರಗಿ | ಭಾನುವಾರ, ರಾತ್ರಿ 10:32

ಅಕ್ಕಾ, ಇವತ್ತು ಇಲ್ಲಿ 43 ಡಿಗ್ರಿ. ಸಮುದ್ರ ಒಂದು ಡಿಗ್ರಿ ಬಿಸಿಯಾಗಿದೆ ಅಂತ ಟಿವಿಯಲ್ಲಿ ಅಳುತ್ತಾರೆ. ಒಂದು ಡಿಗ್ರಿಗೆ ಊರು ಬಿಡುವುದಾದರೆ ನಾವೆಲ್ಲ ಯಾವತ್ತೋ ಊಟಿಯಲ್ಲಿ ಇರಬೇಕಿತ್ತು.

ಭಾಲ್ಕಿ ಟು ಹೈದರಾಬಾದ್ | ಭಾನುವಾರ, ರಾತ್ರಿ 11:20

ನಕ್ಕೆ ತಮ್ಮಾ. ಆದರೆ ಪ್ರಶ್ನೆ ಸರಿಯಾದದ್ದೇ, ಉತ್ತರ ಕೊಡುತ್ತೇನೆ.

ನಮ್ಮ ಕಡೆ ಡಿಸೆಂಬರ್ ರಾತ್ರಿ 15ಕ್ಕೆ ಇಳಿಯುತ್ತದೆ, ಮೇನಲ್ಲಿ 43 ದಾಟುತ್ತದೆ. ನಾವು ಅದಕ್ಕೆ ಒಗ್ಗಿದ್ದೇವೆ. ಛಳಿಗೆ ಕಂಬಳಿ, ಬಿಸಿಲಿಗೆ ಕೂಲರ್. ಮಂಗಳೂರಿನ ಎದುರಿನ ಸಮುದ್ರ ಇಡೀ ವರ್ಷದಲ್ಲಿ ಐದಾರು ಡಿಗ್ರಿ ಅಲುಗಾಡಿದರೆ ಹೆಚ್ಚು. ಮೀನು ಹುಟ್ಟಿದ್ದು, ಬೆಳೆದದ್ದು, ಮೊಟ್ಟೆ ಇಟ್ಟದ್ದು ಎಲ್ಲ ಆ ಸಣ್ಣ ಅಂತರದೊಳಗೆ. ಅದರ ಮೈಗೆ ಬೇರೆ ಬಿಸಿ ಅಂತ ಇಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. ನೀರು ಬಿಸಿಯಾದರೆ ಉಸಿರು ಜಾಸ್ತಿ ಬೇಕು, ಹಸಿವೂ ಜಾಸ್ತಿ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ಕರಗುತ್ತದೆ. ಖರ್ಚು ಏರಿತು, ಪಗಾರ ಇಳಿಯಿತು. ಇಂಥ ಊರಲ್ಲಿ ನೀನು ಇರುತ್ತೀಯಾ?

ಲೆಕ್ಕಕ್ಕೆ ಬಂದರೆ, ನಮ್ಮ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1951ರಿಂದ 2015ರೊಳಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ 1 ಡಿಗ್ರಿ ಬಿಸಿಯಾಗಿದೆ. ಇದು ಸರಾಸರಿ. ಕೆಲವು ಕಡೆ, ಕೆಲವು ವಾರ, ಇದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ನೆಲಕ್ಕೆ ಬಿಸಿ ಅಲೆ ಬಂದ ಹಾಗೆ ಸಮುದ್ರಕ್ಕೂ ಬರುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾದದ್ದು ಅದಕ್ಕೇ.

ಈಗ ಅಕ್ಕ ಕೇಳಿದ ಪ್ರಶ್ನೆ. ಒಂದು ಮ್ಯಾಪ್ ತೆಗೆಯಿರಿ. ಕಲಬುರಗಿ ಮೇಲೆ ಬೆರಳಿಟ್ಟು ಎಡಕ್ಕೆ ನೇರ ಗೆರೆ ಎಳೆಯಿರಿ. ರತ್ನಾಗಿರಿಯ ಸ್ವಲ್ಪ ಮೇಲೆ ಸಮುದ್ರ ಸಿಗುತ್ತದೆ. ಬಲಕ್ಕೆ ಎಳೆದರೆ ಕಾಕಿನಾಡ ಮತ್ತು ವಿಶಾಖಪಟ್ಟಣದ ನಡುವೆ. ನಮ್ಮದು 17 ಡಿಗ್ರಿ ಅಕ್ಷಾಂಶ. 1985ಕ್ಕೆ ಮುಂಚೆ ದೇಶದಲ್ಲಿ ಹಿಡಿಯುತ್ತಿದ್ದ ಬೂತಾಯಿ ಹೆಚ್ಚುಕಮ್ಮಿ ಎಲ್ಲಾ 8ರಿಂದ 14 ಡಿಗ್ರಿ ಒಳಗಿನದು, ಅಂದರೆ ಕೇರಳದಿಂದ ಕುಂದಾಪುರದ ಆಸುಪಾಸಿನವರೆಗೆ. ಅಕ್ಕಾ, ನಿಮ್ಮಪ್ಪ ಹೇಳಿದ್ದು ಅವರ ಕಾಲಕ್ಕೆ ನೂರಕ್ಕೆ ನೂರು ಸರಿ. ಆಮೇಲೆ ಮೀನು ಉತ್ತರಕ್ಕೆ ಸರಿಯಿತು, ಕನ್ಯಾಕುಮಾರಿ ಸುತ್ತಿ ಪೂರ್ವಕ್ಕೂ ಹೋಯಿತು. ತಮಿಳುನಾಡು, ಆಂಧ್ರದಲ್ಲೂ ರಾಶಿ ರಾಶಿ ಸಿಗತೊಡಗಿತು. ಹಿಂದೆ ಅಲ್ಲಿನ ನೀರು ಅದಕ್ಕೆ ತಂಪಾಗಿತ್ತು, ಈಗ ಹಿತವಾಗಿದೆ ಅಂತ ವಿಜ್ಞಾನಿಗಳು ಹೇಳುತ್ತಾರೆ.

ಅಂದರೆ ನಿಮ್ಮ ಬೂತಾಯಿ ನಿಮ್ಮ ಹಿಂದೆಯೇ ಬಂದಿದೆ. ಕಲಬುರಗಿ ಗೆರೆಗೆ ಬಂದು ನಿಂತಿದೆ. ನಡುವೆ 350 ಕಿಲೋಮೀಟರ್‌ಗಿಂತ ಜಾಸ್ತಿ ನೆಲ ಇದೆ, ಅದೊಂದೇ ತೊಂದರೆ.

ಖಾನಾವಳಿ ಅಕ್ಕ, ಕಲಬುರಗಿ | ಸೋಮವಾರ, ಬೆಳಿಗ್ಗೆ 6:50

ಮ್ಯಾಪ್ ತೆಗೆದು ನೋಡಿದೆ. ಮೈ ಜುಂ ಅಂತು. ಪೆಟ್ಟಿಗೆ ಇಳಿಸಲು ಬಂದ ಹುಡುಗನಿಗೂ ತೋರಿಸಿದೆ.

ಆದರೆ ಪೂರ್ತಿ ಹೋಗಿಲ್ಲವಲ್ಲ. ಮಲ್ಪೆಯಲ್ಲಿ ಈಗಲೂ ಸಿಗುತ್ತದೆ.

ಗಂಗೊಳ್ಳಿ ಲೋಡ್ | ಸೋಮವಾರ, ಮಧ್ಯಾಹ್ನ 2:05

ಲಾರಿ ಬದಿಗೆ ಹಾಕಿ ಬರೆಯುತ್ತಿದ್ದೇನೆ. ನಾನು 11 ವರ್ಷ ಪರ್ಸೀನ್ ಬೋಟಿನಲ್ಲಿದ್ದವನು. ಈಗ ಅದೇ ಮೀನನ್ನು ಹುಬ್ಬಳ್ಳಿ, ವಿಜಯಪುರ ದಾರಿಯಲ್ಲಿ ನಿಮ್ಮ ಕಡೆ ತರುತ್ತೇನೆ. ಓದಿದವರು ಬೇಜಾರಾಗಬೇಡಿ, ಎಲ್ಲದಕ್ಕೂ ಬಿಸಿ ಬಿಸಿ ಅಂದರೆ ನಾನು ಒಪ್ಪುವುದಿಲ್ಲ. ನಾವು ಹಿಡಿದದ್ದು ಎಲ್ಲಿ ಹೋಯಿತು? ಒಂದು ಸುತ್ತು ಬಲೆ ಹಾಕಿದರೆ ಇಡೀ ಹಿಂಡು ಒಳಗೆ. ಮರಿ, ದೊಡ್ಡದು ಅಂತ ನೋಡುತ್ತಿರಲಿಲ್ಲ. ಮಾರಾಟವಾಗದ ಮರಿಯೆಲ್ಲ ಫಿಶ್ ಮೀಲ್ ಕಾರ್ಖಾನೆಗೆ, ಕೋಳಿ ತಿಂಡಿಗೆ, ಸಿಗಡಿ ತಿಂಡಿಗೆ. ಬೂತಾಯಿ 10 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ರೂಲ್ಸ್ ಇದೆ. ಅಲ್ಲಿ ಸ್ಕೇಲ್ ಹಿಡಿದು ನಿಲ್ಲುವವರು ಯಾರು? ರಾತ್ರಿ ಲೈಟ್ ಹಾಕಿ ಹಿಡಿಯುವುದು ಬೇರೆ. ಅದೂ ನಿಷೇಧವೇ.

ಹಾಗಂತ ಬಿಸಿ ಸುಳ್ಳು ಅನ್ನುವುದೂ ಇಲ್ಲ. ನನ್ನ ಕಣ್ಣಲ್ಲೇ ಕಂಡದ್ದು ಹೇಳುತ್ತೇನೆ. ಬಂಗುಡೆ ಮೇಲ್ನೀರಿನ ಮೀನು. ಬೆಳಗಿನ ಜಾವ ನೀರು ಕುದಿಯುವ ಹಾಗೆ ಕಾಣುತ್ತಿತ್ತು, ಬೋಟು ನಡೆಸುವ ತಾಂಡೇಲ ಬಣ್ಣ ನೋಡಿಯೇ ಬಲೆ ಬಿಡಿಸುತ್ತಿದ್ದ. ಕೊನೆಕೊನೆಗೆ ಮೇಲೆ ಏನೂ ಕಾಣುತ್ತಿರಲಿಲ್ಲ. ಅದೇ ಬಂಗುಡೆ ತಳ ಗೋರುವ ಟ್ರಾಲ್ ಬೋಟಿನವರಿಗೆ ಸಿಗುತ್ತಿತ್ತು. ನಮಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಮೀನು ಅವರ ಬಲೆಗೆ ಹೇಗೆ ಹೋಯಿತು?

ಭಾಲ್ಕಿ ಟು ಹೈದರಾಬಾದ್ | ಸೋಮವಾರ, ಸಂಜೆ 7:40

ಗಂಗೊಳ್ಳಿ ಅಣ್ಣಾ, ನೀವು ಕಣ್ಣಲ್ಲಿ ಕಂಡದ್ದು ದಾಖಲೆಯಲ್ಲೂ ಇದೆ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಲೆಕ್ಕ ಇಟ್ಟಿದ್ದಾರೆ. 1985-89ರಲ್ಲಿ ದೇಶದ ಬಂಗುಡೆಯಲ್ಲಿ ತಳದ ಟ್ರಾಲ್‌ಗೆ ಸಿಕ್ಕದ್ದು ಬರೀ ಶೇ. 2. 2003-07ರ ಹೊತ್ತಿಗೆ ಶೇ. 15. ಮೇಲೆ ಬಿಸಿಯಾದಾಗ ಉತ್ತರಕ್ಕೆ ಓಡುವುದು ಒಂದು ದಾರಿ, ಕೆಳಗೆ ಇಳಿಯುವುದು ಇನ್ನೊಂದು. ನಾವು ಮೇನಲ್ಲಿ ಮಾಳಿಗೆ ಬಿಟ್ಟು ಕೆಳಗಿನ ಕೋಣೆಯಲ್ಲಿ ಮಲಗುವುದಿಲ್ಲವೇ, ಹಾಗೆ.

ಮೂರನೆಯದೂ ಒಂದಿದೆ, ಜಾಗ ಬಿಡದೆ ಕಾಲ ಬದಲಿಸುವುದು. ಚೆನ್ನೈ ಕಡೆ ಮದ್ಮಲ್ ಮೀನು ಹಿಂದೆ ಬೇಸಿಗೆ ತಿಂಗಳಲ್ಲಿ ಜಾಸ್ತಿ ಮೊಟ್ಟೆ ಇಡುತ್ತಿತ್ತು. ಈಗ ಅಕ್ಟೋಬರ್‌ನಿಂದ ಮಾರ್ಚ್ ಕಡೆಗೆ ವಾಲಿದೆ, ತಂಪು ಹೊತ್ತಿಗೆ.

ಬಲೆಯ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಒಂದು ಮಾತು. ಬೂತಾಯಿ ಮಾಯ ಆಗುವುದು ಹೊಸದಲ್ಲ. 1940ರ ದಶಕದಲ್ಲೂ ಕೈಕೊಟ್ಟಿತ್ತು. 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಹಿಡಿಯುವುದಕ್ಕೆ ಕಟ್ಟುಪಾಡು ತಂದಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸಿನದೇ ಅಲ್ವಾ. ಆಗ ಪರ್ಸೀನೂ ಇಲ್ಲ, ಇಂಜಿನ್ ಬೋಟೂ ಇಲ್ಲ. ಅಂದರೆ ಈ ಮೀನು ಮೊದಲಿಂದಲೂ ಸಮುದ್ರದ ಮೂಡ್ ನೋಡಿ ಬದುಕುವಂಥದ್ದು. ಈಗ ಆ ಮೂಡೇ ಕೆಡುತ್ತಿದೆ, ಅದರ ಮೇಲೆ ನಮ್ಮ ಬಲೆ.

ಕೇರಳದ ಅಂಕಿ ನೋಡಿ. 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ. 2021ರಲ್ಲಿ 3,297 ಟನ್. ಸೊನ್ನೆ ಬಿಟ್ಟುಹೋಗಿಲ್ಲ, ಅಷ್ಟೇ ಇರುವುದು! ಮರುವರ್ಷವೇ ಮತ್ತೆ 1 ಲಕ್ಷ ಟನ್ ದಾಟಿತು. ಬರೀ ಬಲೆಯಿಂದ ಖಾಲಿಯಾಗಿದ್ದರೆ ಒಂದೇ ವರ್ಷದಲ್ಲಿ ಹೀಗೆ ತುಂಬುವುದಿಲ್ಲ.

ಬಿಸಿಲೂರ ಹುಡುಗ, ಕಲಬುರಗಿ | ಸೋಮವಾರ, ರಾತ್ರಿ 8:02

4 ಲಕ್ಷದಿಂದ 3 ಸಾವಿರ. ನಮ್ಮ ತೊಗರಿ ರೇಟಿಗಿಂತ ಕಡೆ ಆಯ್ತಲ್ರೀ.

ಬೀದರ್ ಮೇಷ್ಟ್ರು | ಸೋಮವಾರ, ರಾತ್ರಿ 9:30

ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಸಮುದ್ರವನ್ನು ಮುಂಬೈನಲ್ಲಿ ಎರಡು ಸಲ ನೋಡಿದ್ದು ಬಿಟ್ಟರೆ ಗೊತ್ತಿಲ್ಲ. ಆದರೂ ಈ ವಿಷಯದಲ್ಲಿ ನನಗೆ ಹುಚ್ಚು. ಯಾಕೆಂದರೆ ಮೀನಿಗೆ ಪಾಸ್‌ಪೋರ್ಟ್ ಇಲ್ಲ.

ಐಸ್‌ಲ್ಯಾಂಡ್ ಕಥೆ ಕೇಳಿ. ಅಲ್ಲಿ ನಮ್ಮ ಬಂಗುಡೆಯ ದೂರದ ಸಂಬಂಧಿ ಒಂದು ಮೀನಿದೆ, ಅಟ್ಲಾಂಟಿಕ್ ಮ್ಯಾಕೆರಲ್. ಹಿಡಿಯುವ ಪಾಲನ್ನು ನಾರ್ವೆ, ಯುರೋಪ್ ಒಕ್ಕೂಟದವರು ಹಂಚಿಕೊಂಡಿದ್ದರು. ಐಸ್‌ಲ್ಯಾಂಡ್ ನೀರಿಗೆ ಅದು ಹೆಚ್ಚಾಗಿ ಬರುತ್ತಲೇ ಇರಲಿಲ್ಲ. 2007ರ ಸುಮಾರಿಗೆ ರಾಶಿಯಾಗಿ ಬಂತು. ನೋಡನೋಡುತ್ತ ಅವರು ವರ್ಷಕ್ಕೆ ಲಕ್ಷ ಟನ್ ದಾಟಿ ಹಿಡಿದರು. ಹಳೆ ಪಾಲುದಾರರು ಕೂಗಾಡಿದರು, ನಮ್ಮ ಮೀನು ಅಂತ. ಇವರು ಅಂದರು, ನಮ್ಮ ನೀರಲ್ಲಿ ಮೇಯುತ್ತಿದೆ, ನಮ್ಮದೇ. ಪೇಪರಿನವರು ಅದಕ್ಕೆ ಮ್ಯಾಕೆರಲ್ ಯುದ್ಧ ಅಂತಲೇ ಹೆಸರಿಟ್ಟರು. ಪಕ್ಕದ ಹೊಲದ ಎಮ್ಮೆ ನಮ್ಮ ಹೊಲದಲ್ಲಿ ಮೇಯ್ದರೆ ಎಮ್ಮೆ ಯಾರದು, ಹಾಲು ಯಾರದು ಅನ್ನುವ ಜಗಳ ನಮ್ಮೂರಲ್ಲಿ ಮುಗಿಯುವುದಿಲ್ಲ. ದೇಶಗಳ ನಡುವೆ ಮುಗಿಯುತ್ತದೆಯೇ?

ಅಮೆರಿಕದಲ್ಲಿ ಲಾಬ್‌ಸ್ಟರ್‌ದೂ ಹೀಗೇ. ನ್ಯೂಯಾರ್ಕ್ ಪಕ್ಕದ ನೀರಲ್ಲಿ ಬರಿದಾಯಿತು, ಉತ್ತರದ ಮೇಯ್ನ್ ರಾಜ್ಯದಲ್ಲಿ ಸುಗ್ಗಿಯಾಯಿತು. ಒಬ್ಬನ ಬರ ಇನ್ನೊಬ್ಬನ ಸುಗ್ಗಿ.

ಆದರೆ ಎಲ್ಲವೂ ಓಡಿ ಬದುಕುವುದಿಲ್ಲ. ಅಲಾಸ್ಕದ ಬೇರಿಂಗ್ ಸಮುದ್ರದಲ್ಲಿ ಹಿಮ ಏಡಿ ಅಂತ ಇದೆ. 2018-19ರಲ್ಲಿ ನೀರು ವಿಪರೀತ ಬಿಸಿಯಾಯಿತು. ಸುಮಾರು 1,000 ಕೋಟಿ ಏಡಿ ಮಾಯ. ಮೊದಲು ಎಲ್ಲೋ ಹೋಗಿರಬೇಕು ಅಂದುಕೊಂಡರು. ಹುಡುಕಿದರು. ಎಲ್ಲಿಯೂ ಹೋಗಿರಲಿಲ್ಲ, ಸತ್ತಿದ್ದವು. ಬಿಸಿಗೆ ಹಸಿವು ಹೆಚ್ಚಾಗಿ, ತಿನ್ನಲು ಸಾಲದೆ ಉಪವಾಸ ಸತ್ತವು ಅಂತ ಆಮೇಲೆ ಗೊತ್ತಾಯಿತು. 2022ರಲ್ಲಿ ಅಲ್ಲಿ ಇತಿಹಾಸದಲ್ಲೇ ಮೊದಲ ಸಲ ಆ ಏಡಿ ಹಿಡಿಯುವ ಸೀಸನ್ ರದ್ದು ಮಾಡಿದರು.

ಭಾಲ್ಕಿ ತಮ್ಮ ಹೇಳಿದ ಖರ್ಚು ಮತ್ತು ಪಗಾರದ ಲೆಕ್ಕ ಇದೇ.

ತೊಗರಿ ಕಾಕಾ, ಆಳಂದ | ಮಂಗಳವಾರ, ಬೆಳಿಗ್ಗೆ 7:15

ನಾನು ಲಿಂಗ ಕಟ್ಟಿಕೊಂಡವ, ಮೀನು ಮುಟ್ಟುವುದಿಲ್ಲ. ಆದರೂ ನಿನ್ನೆ ರಾತ್ರಿ 11ರ ತನಕ ಓದಿದೆ. ತಂಗೀ, ತಿನ್ನದವರು ಮುಂದೆ ಹೋಗಿ ಅಂದಿದ್ದಿ, ನಾ ಹೋಗಲಿಲ್ಲ.

ನನಗೊಂದು ಸಂಶಯ. ಅರಬ್ಬಿ ಸಮುದ್ರ ಬಿಸಿಯಾದರೆ ನಮ್ಮ ಮಳೆಗೆ ಏನು? ಈಗೀಗ 20 ದಿನ ಹನಿ ಇಲ್ಲ, ಆಮೇಲೆ ಒಂದೇ ರಾತ್ರಿಯಲ್ಲಿ ಬದು ಕೊಚ್ಚಿ ಹೋಗುವಷ್ಟು. ತೊಗರಿಗೆ ನೀರು ನಿಂತರೆ ಮುಗಿಯಿತು, ನೆಟೆ ರೋಗ ಬಿದ್ದ ಹಾಗೆಯೇ ಒಣಗಿ ನಿಲ್ಲುತ್ತದೆ.

ಭಾಲ್ಕಿ ಟು ಹೈದರಾಬಾದ್ | ಮಂಗಳವಾರ, ಬೆಳಿಗ್ಗೆ 9:05

ಕಾಕಾ, ಸಂಬಂಧ ಇದೆ. ಬಿಸಿ ಸಮುದ್ರದಿಂದ ಆವಿ ಜಾಸ್ತಿ ಏಳುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 1950ರಿಂದ 2015ರ ಮಳೆ ಲೆಕ್ಕ ನೋಡಿದರು. ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶದ ಮೇಲೆ ಒಟ್ಟಿಗೆ ಸುರಿಯುವ ವಿಪರೀತ ಮಳೆ ಮೂರು ಪಟ್ಟು ಆಗಿದೆ. ಅದಕ್ಕೆ ಆವಿ ಹೊತ್ತು ತರುವುದು ಬಹುಪಾಲು ಅರಬ್ಬಿ ಸಮುದ್ರ.

2020ರ ಅಕ್ಟೋಬರ್ ಮಾತ್ರ ಬೇರೆ. ಭೀಮಾ ಏರಿ ಊರಿಗೆ ಊರೇ ಎತ್ತಂಗಡಿ ಆಗಿದ್ದು ನೆನಪಿದೆಯಲ್ಲ, ಅದು ಬಂದದ್ದು ಪೂರ್ವದಿಂದ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ನೆಲ ಹತ್ತಿ, ಹೈದರಾಬಾದ್ ಮುಳುಗಿಸಿ, ನಮ್ಮ ಮೇಲೆ ಹಾದುಹೋಯಿತು. ಅಕ್ಕನ ಬೂತಾಯಿ ಬರುವ ಅದೇ ಗೆರೆ ನೋಡಿ.

ಖಾನಾವಳಿ ಅಕ್ಕ, ಕಲಬುರಗಿ | ಮಂಗಳವಾರ, ಮಧ್ಯಾಹ್ನ 3:45

ಊಟದ ರಶ್ ಈಗ ಮುಗಿಯಿತು. ಕಾಕಾ, ನೀವು ಬಂದರೆ ನಿಮಗೆ ಬೇರೆ ಪಾತ್ರೆಯಲ್ಲಿ ತೊವ್ವೆ ಮಾಡಿಕೊಡುತ್ತೇನೆ, ಆದರೆ ವಾಸನೆ ಸಹಿಸಿಕೊಳ್ಳಬೇಕು.

ನನ್ನ ಎಣ್ಣೆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸೈಜ್ ಸಣ್ಣದು ಸರಿ, ಕೊಬ್ಬು ಯಾಕೆ ಇಲ್ಲ? ಇವತ್ತು ಎರಡು ಬೂತಾಯಿ ಪಕ್ಕಪಕ್ಕ ಇಟ್ಟು ಸೀಳಿದೆ. ಹೊಟ್ಟೆಯೊಳಗೆ ಹಿಂದೆ ಬೆಣ್ಣೆಯ ಪದರ ಇರುತ್ತಿತ್ತು, ಬೆರಳಿಗೆ ಅಂಟುತ್ತಿತ್ತು. ಈಗ ಒಣ ಕಾಗದದ ಹಾಗಿದೆ. ಕಾವಲಿಗೆ ಹಾಕಿದರೆ ಹಿಡಿದುಕೊಳ್ಳುತ್ತದೆ, ಮಗುಚುವಾಗ ಚರ್ಮ ಕಾವಲಿಯಲ್ಲೇ ಉಳಿಯುತ್ತದೆ. ಗಿರಾಕಿ ಮುಂದೆ ಇಡಲು ನಾಚಿಕೆ.

ಗಂಗೊಳ್ಳಿ ಲೋಡ್ | ಮಂಗಳವಾರ, ಸಂಜೆ 5:10

ಅಕ್ಕಾ, ಮೇ ತಿಂಗಳಲ್ಲಿ ಬೂತಾಯಿಗೆ ಎಣ್ಣೆ ಕೇಳುವುದು ಸರಿಯಲ್ಲ. ಎಣ್ಣೆ ಬರುವುದು ಮಳೆಗಾಲ ಕಳೆದ ಮೇಲೆ, ಸೆಪ್ಟೆಂಬರ್, ಅಕ್ಟೋಬರ್. ಇದು ನಿಮಗೂ ಗೊತ್ತು.

ಖಾನಾವಳಿ ಅಕ್ಕ, ಕಲಬುರಗಿ | ಮಂಗಳವಾರ, ಸಂಜೆ 5:25

ಗೊತ್ತು ಮಾರಾಯ್ರೆ, ಆ ಊರಲ್ಲೇ ಹುಟ್ಟಿದವಳು. ಹೋದ ಅಕ್ಟೋಬರ್‌ನಲ್ಲೂ ಇರಲಿಲ್ಲ, ಅದಕ್ಕೇ ಕೇಳಿದ್ದು.

ಭಾಲ್ಕಿ ಟು ಹೈದರಾಬಾದ್ | ಮಂಗಳವಾರ, ರಾತ್ರಿ 10:50

ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ.

ಹಂಡೆಯ ತಣ್ಣೀರಿಗೆ ಮೇಲಿನಿಂದ ಮೆಲ್ಲಗೆ ಬಿಸಿನೀರು ಸುರಿದವರಿಗೆ ಗೊತ್ತು, ಮೇಲೆ ಕೈ ಸುಡುತ್ತದೆ, ತಳದಲ್ಲಿ ಇನ್ನೂ ತಣ್ಣಗಿರುತ್ತದೆ. ಚೊಂಬು ಹಾಕಿ ಕಲಕಬೇಕು. ಸಮುದ್ರವೂ ಹಾಗೇ. ಮೇಲೆ ಬಿಸಿ ನೀರಿನ ಪದರ, ಕೆಳಗೆ ತಣ್ಣನೆಯದು. ಗೊಬ್ಬರವೆಲ್ಲ ತಳದಲ್ಲಿ, ಸತ್ತದ್ದೆಲ್ಲ ಕೆಳಗೆ ಇಳಿಯುವುದರಿಂದ. ಬಿಸಿಲು ಮಾತ್ರ ಮೇಲೆ. ಎರಡೂ ಒಂದಾದರೇ ಬೆಳೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಲಕುವ ಕೆಲಸ ಮುಂಗಾರು ಗಾಳಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಕರಾವಳಿಗುಂಟ ಬೀಸಿ ಮೇಲ್ನೀರನ್ನು ಒಳಸಮುದ್ರಕ್ಕೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬರುತ್ತದೆ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿ ಫ್ರಾಜಿಲೇರಿಯಾ ಅನ್ನುವ ಒಂದು ಜಾತಿ ಬೂತಾಯಿಗೆ ತುಂಬಾ ಇಷ್ಟ. ಅದು ಚೆನ್ನಾಗಿ ಬಂದ ವರ್ಷ ಬೂತಾಯಿಯೂ ಚೆನ್ನ ಅಂತ ನೂರು ವರ್ಷದ ಹಿಂದೆಯೇ ಗಮನಿಸಿದ್ದರು. ನಿಮ್ಮ ಕಾವಲಿಯ ಎಣ್ಣೆ ಅಂದರೆ ಆ ಪಾಚಿ, ಅಕ್ಕಾ. ಮುಂಗಾರು ಗಾಳಿ ಕಲಕಿಕೊಟ್ಟದ್ದು.

ಈಗ ಮೇಲಿನ ಪದರ ಇನ್ನಷ್ಟು ಬಿಸಿಯಾದರೆ ಅದು ಮುಚ್ಚಳದ ಹಾಗೆ ಕೂರುತ್ತದೆ. ಕಲಕುವುದು ಕಷ್ಟ. ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಅರವತ್ತು ವರ್ಷದಲ್ಲಿ ಈ ಪಾಚಿ ಶೇ. 20ರವರೆಗೂ ಕಮ್ಮಿ ಆಗಿದೆ ಅಂತ ಅದೇ ರಾಕ್ಸಿ ಕೋಲ್ ತಂಡ 2016ರಲ್ಲಿ ಬರೆಯಿತು.

ಇನ್ನು ಕೆಲವು ವರ್ಷ ಇದರ ಉಲ್ಟಾ ಆಗುತ್ತದೆ. ಮಳೆಗಾಲ ಚೆನ್ನಾಗಿ ಕಲಕಿತು, ಮರಿ ಒಮ್ಮೆಲೇ ಲೆಕ್ಕವಿಲ್ಲದಷ್ಟು ಹುಟ್ಟಿತು ಅಂದುಕೊಳ್ಳಿ. ಪಂಕ್ತಿಗೆ ನೂರು ಜನರ ಬದಲು ಸಾವಿರ ಜನ ಕೂತ ಹಾಗೆ. ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಮೀನು ಸಿಗುತ್ತದೆ, ಬೆಳೆಯುವುದಿಲ್ಲ. ಕೇರಳದಲ್ಲಿ ಈಚೆಗೆ ಸಣ್ಣ ಬೂತಾಯಿ ರಾಶಿ ಬಿದ್ದು ರೇಟ್ ಕುಸಿದದ್ದು ಹೀಗೆ. ನಿಮ್ಮ ಪೆಟ್ಟಿಗೆಯಲ್ಲಿರುವುದೂ ಇದೇ ಇರಬೇಕು.

ನನಗೆ ಅನ್ನಿಸುವುದು ಇಷ್ಟು. ಮೀನು ಎಲ್ಲಿಗೆ ಹೋಯಿತು ಅಂತ ಎಲ್ಲರೂ ಕೇಳುತ್ತಾರೆ. ಅದರ ಊಟ ಎಲ್ಲಿಗೆ ಹೋಯಿತು ಅಂತ ಕೇಳಬೇಕು. ಮೀನು ಅದರ ಹಿಂದೆ ಹೋಗುತ್ತದೆ.

ಬೀದರ್ ಮೇಷ್ಟ್ರು | ಬುಧವಾರ, ಬೆಳಿಗ್ಗೆ 8:00

ಪೆರು ದೇಶದ ಕಥೆಯೂ ಇದೇ ಹಂಡೆಯ ಕಥೆ. ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಮೇಲ್ನೀರು ವಿಪರೀತ ಬಿಸಿಯಾಗುವುದು, ಬಂದ ವರ್ಷ ಅಲ್ಲಿ ಗೊಬ್ಬರದ ತಣ್ಣೀರು ಮೇಲೆ ಬರುವುದು ತೀರಾ ಕಮ್ಮಿಯಾಗುತ್ತದೆ. ಅಲ್ಲಿಯ ಆಂಚೊವೆಟಾ ಅನ್ನುವ ಸಣ್ಣ ಮೀನು 1970ರಲ್ಲಿ 1 ಕೋಟಿ 20 ಲಕ್ಷ ಟನ್‌ಗೂ ಹೆಚ್ಚು ಸಿಕ್ಕಿತ್ತು. 1972ರ ಎಲ್ ನಿನೊ ಹೊಡೆತಕ್ಕೆ ನೆಲ ಕಚ್ಚಿತು. ಅಲ್ಲೂ ಬಲೆ, ಬಿಸಿ ಎರಡೂ ಜೊತೆಗೆ. ಗಂಗೊಳ್ಳಿಯವರೂ ಸರಿ, ಭಾಲ್ಕಿಯವರೂ ಸರಿ. ನಮ್ಮ ಮುಂಗಾರಿನ ಲೆಕ್ಕ ಹಾಕುವವರ ಬಾಯಲ್ಲಿರುವ ಎಲ್ ನಿನೊ ಅನ್ನುವ ಹೆಸರಿಟ್ಟವರು ಆ ಕರಾವಳಿಯ ಮೀನುಗಾರರೇ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ನಾರಾಯಣಪುರ ಹಿನ್ನೀರು, ಯಾದಗಿರಿ ಜಿಲ್ಲೆ | ಬುಧವಾರ, ರಾತ್ರಿ 9:15

ನಾವು ಬಸವಸಾಗರದ ಹಿನ್ನೀರಿನಲ್ಲಿ ಹರಗೋಲು ಹಾಕಿ ಮೀನು ಹಿಡಿಯುವವರು. ಸಮುದ್ರದ ಮೀನಿನ ಚಿಂತೆ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತು. ಅದಕ್ಕೆ ಹೋಗಲು ಜಾಗ ಇದೆಯಲ್ರೀ. ಕೇರಳ ಬಿಟ್ಟು ಆಂಧ್ರ, ಆಂಧ್ರ ಬಿಟ್ಟು ಇನ್ನೆಲ್ಲೋ. ನಮ್ಮ ರೋಹು, ಕಟ್ಲಾ ಎಲ್ಲಿಗೆ ಹೋಗಬೇಕು? ಆ ಕಡೆ ಡ್ಯಾಮಿನ ಗೋಡೆ, ಈ ಕಡೆ ಮೇನಲ್ಲಿ ಬತ್ತಿದ ಹೊಳೆ.

ಮೇ ತಿಂಗಳ ಬೆಳಗಿನ ಜಾವ ನಾಲ್ಕು ಗಂಟೆಗೆ ಸಣ್ಣ ಕೆರೆಯ ದಂಡೆಗೆ ಬಂದು ನೋಡಿ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಪಚ್ ಪಚ್ ಅನ್ನುತ್ತಿರುತ್ತವೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಬೆಳಗಿನ ಹೊತ್ತಿಗೆ ನೀರಲ್ಲಿ ಉಸಿರು ಖಾಲಿ. ಬಿಸಿಲೇರಿದ ಮೇಲೆ ಸುಧಾರಿಸಿದರೆ ಸರಿ. ಇಲ್ಲದಿದ್ದರೆ ಹತ್ತು ಗಂಟೆಗೆ ಬಿಳಿ ಹೊಟ್ಟೆ ಮೇಲೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಕೆರೆ ಗುತ್ತಿಗೆ ಹಿಡಿದವನಿಗೆ ಒಂದೇ ದಿನಕ್ಕೆ ವರ್ಷದ ದುಡಿಮೆ ಹೋಯಿತು. ವಾಸನೆಗೆ ಊರವರು ಅವನನ್ನೇ ಬೈದರು.

ಒಂದು ಮೀನು ಮಾತ್ರ ಇದಕ್ಕೆಲ್ಲ ಜಗ್ಗುವುದಿಲ್ಲ. ಕೊರಮೀನು, ಕೆಲವರು ಮರಲ್ ಅನ್ನುತ್ತಾರೆ. ಅದು ಮೇಲೆ ಬಂದು ಗಾಳಿಯನ್ನೇ ಗುಟುಕು ಗುಟುಕಾಗಿ ಕುಡಿಯುತ್ತದೆ. ಕೆಸರಲ್ಲೂ ಬದುಕುತ್ತದೆ.

ಬಿಸಿಲೂರ ಹುಡುಗ, ಕಲಬುರಗಿ | ಬುಧವಾರ, ರಾತ್ರಿ 9:40

ಕೊರಮೀನು ನಮ್ಮ ಜಾತಿ. ಕಲಬುರಗಿಯದು.

ತೊಗರಿ ಕಾಕಾ, ಆಳಂದ | ಬುಧವಾರ, ರಾತ್ರಿ 9:58

ಹಿನ್ನೀರಿನ ತಮ್ಮಾ, ನೀ ಹೇಳಿದ್ದು ನನಗೆ ನಾಟಿತು. ತೊಗರಿಗೂ ಕಾಲಿಲ್ಲ.

ಗಂಗೊಳ್ಳಿ ಲೋಡ್ | ಗುರುವಾರ, ಬೆಳಿಗ್ಗೆ 11:30

ಸಮುದ್ರದ ಮೀನಿಗೆ ಹೋಗಲು ಜಾಗ ಇದೆ, ನಿಜ. ಅದರ ಹಿಂದೆ ಹೋಗುವ ಮನುಷ್ಯನಿಗೆ? ನಾಡದೋಣಿಯವನು ದಡದಿಂದ ಎಷ್ಟು ದೂರ ಹೋದಾನು? ದೊಡ್ಡ ಬೋಟಿನವನಿಗೆ ಹತ್ತು ದಿನದ ಡೀಸೆಲ್, ಐಸ್, ಅಕ್ಕಿ ತುಂಬಿಕೊಂಡು ಹೋಗುವ ತಾಕತ್ತಿದೆ. ಅವನೂ ಎಷ್ಟೋ ಸಲ ಡೀಸೆಲ್ ದುಡ್ಡು ಹುಟ್ಟದೆ ವಾಪಸ್ ಬರುತ್ತಾನೆ. ನಾನು ಬೋಟು ಬಿಟ್ಟು ಲಾರಿ ಹತ್ತಿದ್ದು ಯಾಕೆ ಅಂದುಕೊಂಡಿರಿ? ಮೀನು ಊರು ಬಿಟ್ಟಿತು, ನಾನೂ ಬಿಟ್ಟೆ.

ಬೋಟಿನಲ್ಲಿ ಹೈದರಾಬಾದಿನಿಂದ ಮೆಸೇಜ್ ಬರುತ್ತಿತ್ತು, ಇಂಥ ಕಡೆ ಇಷ್ಟು ಆಳದಲ್ಲಿ ಮೀನು ಸಿಗಬಹುದು ಅಂತ. ಸಮುದ್ರವೇ ಇಲ್ಲದ ಊರಿನವರು ನಮಗೆ ದಾರಿ ಹೇಳುತ್ತಾರೆ ಅಂತ ತಾಂಡೇಲ ನಗುತ್ತಿದ್ದ. ಆದರೂ ಹೋಗುತ್ತಿದ್ದೆವು. ಎಷ್ಟೋ ಸಲ ಸಿಗುತ್ತಿತ್ತು ಕೂಡ.

ಭಾಲ್ಕಿ ಟು ಹೈದರಾಬಾದ್ | ಗುರುವಾರ, ಮಧ್ಯಾಹ್ನ 1:15

ಅದು ಇನ್‌ಕಾಯ್ಸ್, ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ. 1999ರಿಂದ ಹೈದರಾಬಾದಿನಲ್ಲಿದೆ. ಸುನಾಮಿ ಎಚ್ಚರಿಕೆ ಕೊಡುವವರೂ ಅವರೇ. ಉಪಗ್ರಹದಿಂದ ನೀರಿನ ಬಿಸಿ, ನೀರಿನ ಹಸಿರು ಎರಡನ್ನೂ ನೋಡುತ್ತಾರೆ. ಬಿಸಿ ನೀರು, ತಣ್ಣೀರು ಸೇರುವ ಅಂಚಿನಲ್ಲಿ ಪಾಚಿ ಜಾಸ್ತಿ, ಅಲ್ಲಿ ಮೀನು ಇರುವ ಸಾಧ್ಯತೆ ಜಾಸ್ತಿ. ಕನ್ನಡದಲ್ಲೂ ಮಾಹಿತಿ ಕೊಡುತ್ತಾರೆ. ಮೋಡ ಮುಚ್ಚಿದ ದಿನ ಮಾತ್ರ ಕಷ್ಟ. ನಿಮ್ಮ ತಾಂಡೇಲ ನೀರಿನ ಬಣ್ಣ ನೋಡುತ್ತಿದ್ದನಲ್ಲ, ಇವರೂ ಬಣ್ಣವನ್ನೇ ನೋಡುವುದು. ಸ್ವಲ್ಪ ಮೇಲಿನಿಂದ.

ಖಾನಾವಳಿ ಅಕ್ಕ, ಕಲಬುರಗಿ | ಶುಕ್ರವಾರ, ರಾತ್ರಿ 10:05

ಎಲ್ಲವನ್ನೂ ಎರಡೆರಡು ಸಲ ಓದಿದೆ. ಇವತ್ತು ಅಣ್ಣನಿಗೂ ಫೋನ್ ಮಾಡಿ ಹಂಡೆಯ ಕಥೆ ಹೇಳಿದೆ. ಅಪ್ಪನಿಗೆ ಇದೆಲ್ಲ ಗೊತ್ತಿತ್ತು ಅಂದ. ಆಷಾಢದಲ್ಲಿ ನೀರಿಗೆ ಕಾಲಿಟ್ಟರೆ ಜುಮ್ ಅನ್ನಬೇಕು, ಆಗಲೇ ಆ ವರ್ಷ ಮೀನು ಅನ್ನುತ್ತಿದ್ದರಂತೆ. ನನಗೆ ಯಾವತ್ತೂ ಹೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ಬಲೆ ವಿಷಯ ಯಾರು ಹೇಳುತ್ತಾರೆ?

ಬೋರ್ಡ್ ಬದಲಿಸಿದೆ. ಬೂತಾಯಿ ಫ್ರೈ ಪೂರ್ತಿ ಅಳಿಸಲು ಮನಸ್ಸಾಗಲಿಲ್ಲ. "ಬೂತಾಯಿ, ಬಂದ ದಿನ" ಅಂತ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಬ್ಯಾಂಕಿನ ಹುಡುಗನೊಬ್ಬ ನೋಡಿ, ಅಕ್ಕಾ ಇದು ಮೆನುವೋ ಹವಾಮಾನ ವರದಿಯೋ ಅಂದ.

ಗಂಗೊಳ್ಳಿಯವರೇ, ಜೂನ್ 1ರಿಂದ ಬಂದ್ ಅಲ್ವಾ. ಕೊನೆಯ ಲೋಡ್ ಯಾವತ್ತು?

ಗಂಗೊಳ್ಳಿ ಲೋಡ್ | ಶುಕ್ರವಾರ, ರಾತ್ರಿ 10:20

31ಕ್ಕೆ ಹೊರಡುತ್ತೇನೆ, 1ಕ್ಕೆ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ. ಆಮೇಲೆ ಜುಲೈ 31ರವರೆಗೆ ದೊಡ್ಡ ಬೋಟು ಇಳಿಯುವುದಿಲ್ಲ. ಐಸ್ ಜಾಸ್ತಿ ಹಾಕಿಸುತ್ತೇನೆ, ಹೋದ ಸಲ ವಿಜಯಪುರ ದಾಟುವಷ್ಟರಲ್ಲಿ ಅರ್ಧ ನೀರಾಗಿತ್ತು.

ನಾರಾಯಣಪುರ ಹಿನ್ನೀರು, ಯಾದಗಿರಿ ಜಿಲ್ಲೆ | ಶುಕ್ರವಾರ, ರಾತ್ರಿ 10:31

ಅಕ್ಕಾರೆ, ಎರಡು ತಿಂಗಳು ಅಂಗಡಿ ಮುಚ್ಚುತ್ತೀರೇನು? ಮೃಗಶಿರಾ ಮಳೆ ಹೊತ್ತಿಗೆ ಕೊರಮೀನಿಗೆ ಹೈದರಾಬಾದ್ ಕಡೆಯಿಂದ ಭಾಳ ಕೇಳಿಕೆ. ನಿಮಗೆ ಬೇಕಾದರೆ ಮೊದಲೇ ಹೇಳಿ, ತೆಗೆದಿಡುತ್ತೇನೆ. ಐಸ್ ಬೇಡ, ಡ್ರಮ್ಮಿನಲ್ಲಿ ನೀರು ಹಾಕಿ ಜೀವಂತ ತರುತ್ತೇನೆ.

ಖಾನಾವಳಿ ಅಕ್ಕ, ಕಲಬುರಗಿ | ಶುಕ್ರವಾರ, ರಾತ್ರಿ 10:40

ಕೊರಮೀನಿಗೆ ಪುಳಿಮುಂಚಿ ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲು ಐದು ಕಿಲೋ ತನ್ನಿ, ಮಾಡಿ ನೋಡುತ್ತೇನೆ. ಡ್ರಮ್ಮಿಗೆ ಮುಚ್ಚಳ ಇರಲಿ, ನಮ್ಮ ಬೀದಿಯಲ್ಲಿ ಬೆಕ್ಕು ಜಾಸ್ತಿ.